ರಿಫ್ಲಕ್ಸ್: ವೆರಿಕೋಸೀಲ್ ಆಪರೇಷನ್ ಆದಮೇಲೆ ರಿಪೋರ್ಟ್‌ನಲ್ಲಿ ನೋಡಬೇಕಾದ್ದು

ಬೀಜದಿಂದ (ವೃಷಣದಿಂದ) ರಕ್ತವನ್ನು ಮೇಲಕ್ಕೆ ಒಯ್ಯುವ ರಕ್ತನಾಳಗಳು ಹಿಗ್ಗಿ ಸುರುಳಿಸುರುಳಿ ಆಗುವುದೇ ವೆರಿಕೋಸೀಲ್. ನಮ್ಮ ಕಡೆ ಜನ 'ನರ ಊದಿದೆ' ಅನ್ನುತ್ತಾರೆ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇರುತ್ತದೆ, ಹೆಚ್ಚಾಗಿ ಎಡಗಡೆ. ನಾಳದ ಒಳಗಿನ ಕವಾಟ ಸರಿಯಾಗಿ ಮುಚ್ಚದಿದ್ದರೆ ಮೇಲೆ ಹೋಗಬೇಕಾದ ರಕ್ತ ಕೆಳಕ್ಕೇ ಜಾರುತ್ತದೆ. ಈ ಹಿಮ್ಮುಖ ಹರಿವೇ ರಿಫ್ಲಕ್ಸ್.

ಆಪರೇಷನ್‌ನಲ್ಲಿ ಡಾಕ್ಟರು ರಕ್ತ ಹಿಂದಕ್ಕೆ ಬರುವ ದಾರಿಯನ್ನು ಕಟ್ಟುತ್ತಾರೆ. ಕೆಳಗೆ ಹಿಗ್ಗಿದ ನಾಳಗಳನ್ನು ತೆಗೆಯುವುದಿಲ್ಲ. ಅವು ಕುಗ್ಗುವುದಕ್ಕೆ ತಿಂಗಳುಗಳೇ ಬೇಕು, ಕೆಲವರಲ್ಲಿ ಪೂರ್ತಿ ಕುಗ್ಗುವುದೂ ಇಲ್ಲ. ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಹಾಗಾಗಿ ಮಂಡ್ಯದಿಂದ ಮೈಸೂರಿಗೆ ಬಂದು ಸ್ಕ್ಯಾನ್ ಮಾಡಿಸಿದ ಹುಡುಗ ರಿಪೋರ್ಟ್‌ನಲ್ಲಿ ನಾಳದ ದಪ್ಪ '3.2 ಮಿ.ಮೀ.' ಅಂತ ನೋಡಿ, ಎಲ್ಲಾ ವ್ಯರ್ಥವಾಯಿತು ಅಂತ ಕುಗ್ಗಿಹೋಗುತ್ತಾನೆ. ಸುಮ್ನೆ ಹೆದರಬೇಡಿ. 3 ಮಿ.ಮೀ. ದಾಟಿದರೆ ವೆರಿಕೋಸೀಲ್ ಅನ್ನುವ ಅಳತೆಯನ್ನು ಆಪರೇಷನ್ ಆದವರಿಗೆ ಹಾಗೇ ಹಚ್ಚಲು ಬರುವುದಿಲ್ಲ.

ನೋಡಬೇಕಾದ್ದು ಡಾಪ್ಲರ್‌ನಲ್ಲಿ, ಅಂದರೆ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುವ ಸ್ಕ್ಯಾನ್‌ನಲ್ಲಿ, ರಿಫ್ಲಕ್ಸ್ ಇದೆಯಾ ಅಂತ. ನಿಮ್ಮನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ಮಲವಿಸರ್ಜನೆಗೆ ತಿಣುಕುವ ಹಾಗೆ ಮುಕ್ಕಲು ಹೇಳುತ್ತಾರೆ. ಮುಜುಗರ ಆಗುತ್ತದೆ, ನಿಜ. ಆದರೆ ಸರಿಯಾಗಿ ಮುಕ್ಕದಿದ್ದರೆ ರಿಫ್ಲಕ್ಸ್ ಇದ್ದರೂ ಕಾಣದೇ ಹೋಗಬಹುದು. ಮುಕ್ಕಿದಾಗ ರಕ್ತ ಕೆಳಕ್ಕೆ ಹರಿಯುತ್ತಲೇ ಇದ್ದರೆ ತೊಂದರೆ ಉಳಿದಿದೆ ಅಥವಾ ಮರುಕಳಿಸಿದೆ ಅಂತ ಅನುಮಾನ ಪಡಬೇಕು. ನಾಳ ದಪ್ಪವಿದ್ದೂ ಹಿಂದಕ್ಕೆ ಹರಿವು ಇಲ್ಲದಿದ್ದರೆ ಅದು ಬಹುಮಟ್ಟಿಗೆ ಹಳೇ ಹಿಗ್ಗುವಿಕೆ, ಅಷ್ಟೇ.

ಮರುಕಳಿಸುವುದು ಯಾಕೆ? ದೊಡ್ಡ ಕಾಲುವೆಗೆ ಒಡ್ಡು ಕಟ್ಟಿದರೂ ಪಕ್ಕದ ಸಣ್ಣ ತೋಡಿನಿಂದ ನೀರು ಗದ್ದೆಗೆ ನುಗ್ಗುವುದಿಲ್ವಾ, ಹಾಗೆ. ಕಟ್ಟದೆ ಉಳಿದ ಸಣ್ಣ ನಾಳವೊಂದು ಆಮೇಲೆ ಹಿಗ್ಗುತ್ತದೆ. ಮೈಕ್ರೋಸ್ಕೋಪ್ ಇಟ್ಟು ಮಾಡಿದರೆ ಸಣ್ಣವೂ ಕಾಣುತ್ತವೆ, ಆದ್ದರಿಂದ ಮರುಕಳಿಸುವುದು ಬಹಳ ಕಡಿಮೆ. ಹಳೇ ವಿಧಾನಗಳಲ್ಲಿ ಜಾಸ್ತಿ.

ಮಕ್ಕಳಾಗಲಿ ಅಂತ ಆಪರೇಷನ್ ಮಾಡಿಸಿಕೊಂಡವರಿಗೆ ಸ್ಕ್ಯಾನ್‌ಗಿಂತ ವೀರ್ಯ ಪರೀಕ್ಷೆಯೇ ಹೆಚ್ಚು ಹೇಳುತ್ತದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಅದಕ್ಕೇ 3 ತಿಂಗಳಿಗೆ ಮುಂಚೆ ಮಾಡಿಸಿ ಬೇಜಾರಾಗಬೇಡಿ. ವೀರ್ಯ ಸುಧಾರಿಸಿ ನೋವೂ ಹೋಗಿದ್ದರೆ, ಸ್ಕ್ಯಾನ್‌ನಲ್ಲಿ ಸ್ವಲ್ಪ ರಿಫ್ಲಕ್ಸ್ ಕಂಡರೂ ಮತ್ತೆ ಆಪರೇಷನ್ ಬೇಕು ಅಂತೇನಿಲ್ಲ. ನೋವು ಉಳಿದಿದ್ದರೆ, ವೀರ್ಯ ಸುಧಾರಿಸದಿದ್ದರೆ ಯೂರಾಲಜಿಸ್ಟ್ ಹತ್ತಿರ ಹೋಗಿ. ಆಪರೇಷನ್‌ಗೆ ಮುಂಚಿನ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ. ಮತ್ತೆ ಚಿಕಿತ್ಸೆ ಬೇಕಾದರೆ ಮೈಕ್ರೋಸ್ಕೋಪ್ ಆಪರೇಷನ್ ಇದೆ, ಕೊಯ್ಯದೆ ಸಣ್ಣ ಕೊಳವೆ ತೂರಿಸಿ ನಾಳ ಮುಚ್ಚುವ ಎಂಬೊಲೈಸೇಷನ್ ಕೂಡ ಇದೆ.