ತಾಯಿ-ಮರಿ ಫಾಸ್ಟರಿಂಗ್ ಅಂದರೆ ಏನು?

‘ಕುವೆಂಪುನಗರದಲ್ಲಿ ತಾಯಿ ಬೆಕ್ಕು, ನಾಲ್ಕು ಮರಿ, ಫಾಸ್ಟರ್ ಬೇಕು.’ ಮೈಸೂರಿನಲ್ಲಿ ಪ್ರಾಣಿ ಸಾಕುವವರ ಫೋನಿಗೆ ಇಂಥ ಮೆಸೇಜು ಬರುತ್ತಲೇ ಇರುತ್ತದೆ. ಗಬ್ಬದ ನಾಯಿಗೋ ಬೆಕ್ಕಿಗೋ, ಇಲ್ಲವೇ ಆಗಲೇ ಮರಿ ಹಾಕಿದ ತಾಯಿಗೋ, ಮರಿಗಳು ಹಾಲು ಬಿಡುವ ತನಕ ಮನೆಯಲ್ಲಿ ಜಾಗ ಕೊಡುವುದೇ ತಾಯಿ-ಮರಿ ಫಾಸ್ಟರಿಂಗ್. ಇದು ದತ್ತು ಅಲ್ಲ. ಮರಿಗಳಿಗೆ ಸುಮಾರು 8 ವಾರ ತುಂಬಿದ ಮೇಲೆ ಬೇರೆ ಮನೆ ಹುಡುಕಿ ಕೊಡಬೇಕು.

ಶೆಲ್ಟರ್‌ಗೆ ಬಿಟ್ಟರೆ ಆಗಲ್ವಾ? ಹತ್ತಾರು ಪ್ರಾಣಿ ಇರುವ ಕಡೆ ಪಾರ್ವೊದಂಥ ರೋಗ ಬೇಗ ಹರಡುತ್ತದೆ. ಮರಿಗಳಿಗೆ ಮೊದಲ ಲಸಿಕೆ ಬೀಳುವುದೇ 6ರಿಂದ 8 ವಾರಕ್ಕೆ. ಅಲ್ಲಿಯವರೆಗೆ ಅವುಗಳನ್ನು ಕಾಯುವುದು ಮುಖ್ಯವಾಗಿ ಮೊದಲ ದಿನ ಕುಡಿದ ಗಿಣ್ಣು ಹಾಲು.

ಹೊಸಬರ ಕಣ್ಣೆಲ್ಲ ಮರಿಗಳ ಮೇಲೆಯೇ ಇರುತ್ತದೆ. ಆದರೆ ನಿಮ್ಮ ಕೆಲಸ ಇರುವುದು ತಾಯಿಯನ್ನು ನೋಡಿಕೊಳ್ಳುವುದರಲ್ಲಿ. ಹಾಲೂಡಿಸುವುದು, ಬೆಚ್ಚಗಿಡುವುದು, ನೆಕ್ಕಿ ನೆಕ್ಕಿ ಮರಿಗಳಿಗೆ ಉಚ್ಚೆ-ಕಕ್ಕ ಮಾಡಿಸುವುದು, ಎಲ್ಲವನ್ನೂ ಅವಳೇ ಮಾಡುತ್ತಾಳೆ. ಅವಳಿಗೆ ಬೇಕಾದ್ದು ಬಾಣಂತಿ ಕೋಣೆಯಂಥ ಒಂದು ಮೂಲೆ: ಗಾಳಿ ಬೀಸದ, ಜನ ಓಡಾಡದ ಜಾಗ, ಬಗ್ಗಿ ಒಳಹೋಗುವಂಥ ರಟ್ಟಿನ ಪೆಟ್ಟಿಗೆ, ಹಳೇ ಸೀರೆ, ಪಕ್ಕದಲ್ಲೇ ನೀರು. ಹಾಲೂಡಿಸುವಾಗ ಮಾಮೂಲಿಗಿಂತ ಎರಡು-ಮೂರು ಪಟ್ಟು ಊಟ ಬೇಕಾಗಬಹುದು. ಮಂಡ್ಯ ಕಡೆ ಹಾಕುವ ಮುದ್ದೆ-ಸಾರು ಸಾಲದು. ಮೊಟ್ಟೆ, ಬೇಯಿಸಿದ ಕೋಳಿ, ಮರಿಗಳಿಗೆಂದೇ ಬರುವ ಪ್ಯಾಕೆಟ್ ಫುಡ್ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದು ಮಾತ್ರ ಬೇಡ.

ಗಬ್ಬದ ನಾಯಿ ಅಂದ ತಕ್ಷಣ ಕ್ಯಾಲ್ಸಿಯಂ ಸಿರಪ್ ತರುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಡಾಕ್ಟರ್ ಹೇಳದೆ ಕೊಡಬೇಡಿ. ಮರಿ ಹಾಕುವ ಮುಂಚೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟರೆ, ಆಮೇಲೆ ಹಾಲಿಗೆ ಬೇಕಾದಾಗ ಮೈ ತನ್ನದೇ ಮೂಳೆಯಿಂದ ಅದನ್ನು ತೆಗೆದುಕೊಳ್ಳಲು ತಡಮಾಡುತ್ತದೆ. ಆಗ ಏಕಾಏಕಿ ಏದುಸಿರು, ನಡುಕ, ಕಾಲು ಸೆಟೆದುಕೊಳ್ಳುವುದು ಶುರುವಾಗಬಹುದು. ಬೆಳಗ್ಗೆ ನೋಡೋಣ ಅಂತ ಬಿಡುವಂಥದ್ದಲ್ಲ ಇದು. ತಕ್ಷಣ ಡಾಕ್ಟರ್ ಹತ್ತಿರ ಓಡಬೇಕು.

ನಾಯಿಗೂ ಬೆಕ್ಕಿಗೂ ಗಬ್ಬದ ಕಾಲ ಸುಮಾರು 63 ದಿನ. ನಾಯಿಯ ಮೈ ಬಿಸಿ 37.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಮರಿ ಹಾಕುತ್ತದೆ.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರಲ್ಲ, ಅದು ಸುಮ್ನೆ ಹುಟ್ಟಿದ ಮಾತಲ್ಲ. ಗದ್ದಲವಾದರೆ, ಕಂಡವರೆಲ್ಲ ಬಂದು ಇಣುಕಿದರೆ, ಅದು ಮರಿಯ ಕತ್ತು ಕಚ್ಚಿಕೊಂಡು ಅಟ್ಟವನ್ನೋ ಬೀರುವಿನ ಹಿಂಭಾಗವನ್ನೋ ಸೇರುತ್ತದೆ. ಅದಕ್ಕೇ ಮೊದಲ ವಾರ ನೆಂಟರಿಗೆ ತೋರಿಸುವ ಉತ್ಸಾಹ ಬೇಡ. ದಿನಕ್ಕೊಮ್ಮೆ ತೂಕ ನೋಡಿದರೆ ಸಾಕು. ತೂಕ ಏರದ ಮರಿಗೆ ಹಾಲು ಸಿಗುತ್ತಿಲ್ಲ, ಇಲ್ಲವೇ ಅದಕ್ಕೆ ಹುಷಾರಿಲ್ಲ. ತಾಯಿ ನಾಯಿ ಗುರ್ ಅಂದರೆ ಹಿಂದೆ ಸರಿಯಿರಿ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ರೇಬಿಸ್ ಇಂಜೆಕ್ಷನ್‌ಗೆ ಹೋಗಲೇಬೇಕು.

ಎರಡು-ಮೂರು ವಾರ ಕಳೆದ ಮೇಲೆ ಮರಿಗಳಿಗೆ ಮನುಷ್ಯರ ಕೈ, ಕುಕ್ಕರ್ ವಿಷಲ್, ಮಿಕ್ಸಿ ಸದ್ದು ಎಲ್ಲ ಅಭ್ಯಾಸವಾಗಬೇಕು. ಈ ಎಳೆ ವಯಸ್ಸು ದಾಟಿದರೆ ಹೆದರಿಕೆ ಬಿಡಿಸುವುದು ಕಷ್ಟ. ಮೂರು-ನಾಲ್ಕು ವಾರಕ್ಕೆ ಮೆತ್ತಗಿನ ಊಟ ಶುರು ಮಾಡಬಹುದು. ಜಂತಿನ ಔಷಧಿ ಯಾವಾಗ, ಎಷ್ಟು ಅನ್ನುವುದನ್ನು ತೂಕ ನೋಡಿ ಡಾಕ್ಟರ್ ಹೇಳುತ್ತಾರೆ.

ಮರಿಗಳೆಲ್ಲ ಹೋದ ಮೇಲೆ ಫಾಸ್ಟರ್ ಮುಗಿಯಿತು ಅಂದುಕೊಂಡು ತಾಯಿಯನ್ನು ಹಾಗೇ ಬಿಟ್ಟುಬಿಡುವವರಿದ್ದಾರೆ. ನನ್ನ ಪ್ರಕಾರ ಅದು ಅರ್ಧ ಕೆಲಸ. ಬೆಕ್ಕಂತೂ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಹಾಲು ಬತ್ತಿದ ಮೇಲೆ ಅವಳಿಗೆ ಮತ್ತೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ಗಾಯ ಮಾಯುವ ತನಕ ಇಟ್ಟುಕೊಳ್ಳಬೇಕು. ಸಾಕುವವರು ಸಿಕ್ಕರೆ ಸರಿ. ಬೀದಿ ನಾಯಿಯಾದರೆ, ಆಪರೇಷನ್ ಆದ ಮೇಲೆ ಹಿಡಿದು ತಂದ ಬೀದಿಗೇ ಬಿಡಬೇಕು ಅನ್ನುತ್ತವೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು.