ಸೂಜಿ ದಾಟುವ ವೈರಸ್‌ನ ವಂಶಾವಳಿ

1989ರ ಮಳೆಗಾಲ ಮುಗಿಯುವ ಹೊತ್ತಿಗೆ ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದವರ ರಕ್ತ ಪರೀಕ್ಷೆ ಮಾಡಿದರೆ ಎಚ್‌ಐವಿ ಸಿಗುತ್ತಿರಲಿಲ್ಲ. ಅದಾಗಿ ಸುಮಾರು ಆರು ತಿಂಗಳಲ್ಲಿ ಪರೀಕ್ಷೆಗೆ ಬಂದವರ ಪೈಕಿ ಅರ್ಧದಷ್ಟು ಜನರಿಗೆ ಸೋಂಕು ತಗುಲಿತ್ತು. ಮ್ಯಾನ್ಮಾರ್ ಗಡಿಯ ಮೋರೆ ಪಟ್ಟಣದಿಂದ ಇಂಫಾಲಕ್ಕೆ ಬರುವ ರಸ್ತೆಯಲ್ಲೇ ಹೆರಾಯಿನ್ ಕೂಡ ಬರುತ್ತಿತ್ತು. ಅಲ್ಲಿಯವರು ಅದನ್ನು 'ನಂಬರ್ ಫೋರ್' ಅನ್ನುತ್ತಿದ್ದರು. ಕೆಟ್ಟ ಚಟ, ಕೆಟ್ಟ ಸಹವಾಸ, ಅದಕ್ಕೆ ತಕ್ಕ ಕಾಯಿಲೆ ಎಂದು ಆಗ ಜನ ತೀರ್ಪು ಕೊಟ್ಟರು. ಈಗಲೂ ಕೊಡುತ್ತಾರೆ. ಆ ತೀರ್ಪು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರಿಂದ ಯಾರಿಗೆ ದಾಟಿದರೂ ವೈರಸ್ ತಾನು ಬಂದ ದಾರಿಯ ಗುರುತನ್ನು ಜೊತೆಗೇ ಹೊತ್ತು ತರುತ್ತದೆ. ಅದನ್ನು ಓದಿದರೆ ಚಟದ ಕಥೆಗಿಂತ ಸಿರಿಂಜ್‌ನ ಕಥೆಯೇ ಜಾಸ್ತಿ ಕಾಣುತ್ತದೆ.

ಎಚ್‌ಐವಿಯ ಆರ್‌ಎನ್‌ಎಯಲ್ಲಿ, ಅಂದರೆ ಅದರ ಆನುವಂಶಿಕ ಬರಹದಲ್ಲಿ, ಒಂಬತ್ತು ಸಾವಿರದ ಏಳುನೂರರಷ್ಟು ಅಕ್ಷರಗಳಿವೆ. ಅದರಂತೆಯೇ ರಕ್ತದ ಮೂಲಕ ದಾಟಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್‌ನಲ್ಲೂ ಹೆಚ್ಚೂ ಕಡಿಮೆ ಅಷ್ಟೇ. ಮನುಷ್ಯನ ಜೀನೋಮ್‌ನ ಮುನ್ನೂರು ಕೋಟಿ ಅಕ್ಷರಗಳ ಮುಂದೆ ಇದು ಏನೂ ಅಲ್ಲ. ಆದರೆ ನಕಲಿನ ವೇಗ ನೋಡಿ. ಚಿಕಿತ್ಸೆ ಇಲ್ಲದ ಒಬ್ಬ ಸೋಂಕಿತನ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಎಚ್‌ಐವಿ ಕಣಗಳು ಹುಟ್ಟುತ್ತವೆ. ಹೆಪಟೈಟಿಸ್ ಸಿ ಆದರೆ ಲಕ್ಷ ಕೋಟಿ. ನಮ್ಮ ಜೀವಕೋಶಗಳು ಡಿಎನ್‌ಎ ನಕಲು ಮಾಡುವಾಗ ತಪ್ಪಾದರೆ ತಿದ್ದುವ ವ್ಯವಸ್ಥೆ ಇದೆ. ಈ ವೈರಸ್‌ಗಳ ನಕಲು ಕಿಣ್ವಕ್ಕೆ ಅದು ಇಲ್ಲ. ಹಾಗಾಗಿ ನಾಲ್ಕಾರು ಪ್ರತಿ ತೆಗೆಯುವಷ್ಟರಲ್ಲಿ ಎಲ್ಲೋ ಒಂದು ಅಕ್ಷರ ಬದಲಾಗಿಯೇ ಇರುತ್ತದೆ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ತಾಳೆಗರಿ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪಾಠಾಂತರ ಗುರುತು ಮಾಡುತ್ತಾರಲ್ವಾ? ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ಸರಿಯಾಗಿ ನಕಲಾದ ಪದ್ಯದಿಂದ ಏನೂ ತಿಳಿಯುವುದಿಲ್ಲ, ಅದು ಎಲ್ಲ ಪ್ರತಿಗಳಲ್ಲೂ ಒಂದೇ ಥರ ಇರುತ್ತದೆ. ಸುಳಿವು ಸಿಗುವುದು ತಪ್ಪಿನಲ್ಲಿ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಸಾಲು ಬಿಟ್ಟುಹೋಗಿದ್ದರೆ ಅವೆರಡೂ ಆ ಸಾಲು ಬಿಟ್ಟ ಒಂದೇ ಮೂಲಪ್ರತಿಯಿಂದ ಬಂದಿರಬೇಕು. ಮೂರನೆಯದರಲ್ಲಿ ಆ ತಪ್ಪಿನ ಜೊತೆ ಇನ್ನೊಂದು ಹೊಸ ತಪ್ಪೂ ಇದ್ದರೆ ಅದು ಆಮೇಲಿನ ತಲೆಮಾರು. ಹೀಗೆ ತಪ್ಪುಗಳನ್ನೇ ಹಿಡಿದು ಪ್ರತಿಗಳ ವಂಶಾವಳಿ ಬರೆಯಬಹುದು. ವೈರಸ್‌ಗೂ ಇದೇ ಲೆಕ್ಕ. ಇಬ್ಬರ ವೈರಸ್‌ಗಳಲ್ಲಿ ಅವೇ ತಪ್ಪುಗಳು ಅವೇ ಜಾಗಗಳಲ್ಲಿದ್ದರೆ ಅವೆರಡೂ ಹತ್ತಿರದ ನೆಂಟರು. ತಪ್ಪುಗಳು ಸೇರಿಕೊಳ್ಳುವ ವೇಗ ಅಂದಾಜಿಗೆ ಸಿಗುವುದರಿಂದ ಅವು ಕವಲೊಡೆದು ಎಷ್ಟು ಕಾಲವಾಯಿತು ಎಂದೂ ಹೇಳಬಹುದು.

ವರ್ಷಗಟ್ಟಲೆ ಹೀಗೆ ತಪ್ಪು ಕೂಡಿ ಕೂಡಿ ದೊಡ್ಡ ಕವಲುಗಳೇ ಆಗಿಬಿಟ್ಟಿವೆ. ಎಚ್‌ಐವಿಯಲ್ಲಿ ಎ, ಬಿ, ಸಿ ಎಂಬ ಉಪತಳಿಗಳಿವೆ. ಭಾರತದಲ್ಲಿ ಹೆಚ್ಚಾಗಿರುವುದು ಸಿ. ಹೆಪಟೈಟಿಸ್ ಸಿ ವೈರಸ್ ಪತ್ತೆಯಾಗಿದ್ದು 1989ರಲ್ಲಿ. ಅದರ ತಳಿಗಳ ನಡುವೆ ನೂರಕ್ಕೆ ಮೂವತ್ತರಷ್ಟು ಅಕ್ಷರ ವ್ಯತ್ಯಾಸವಿದೆ. ಬಹಳ ಕಾಲ ಏಳು ತಳಿ ಎಂದು ಲೆಕ್ಕವಿತ್ತು. 2018ರಲ್ಲಿ ಕೆನಡಾದ ಸಂಶೋಧಕರು ಎಂಟನೆಯದನ್ನು ಗುರುತಿಸಿದರು. ಅದು ಸಿಕ್ಕಿದ್ದು ಪಂಜಾಬ್ ಮೂಲದ ನಾಲ್ವರ ರಕ್ತದಲ್ಲಿ.

ಈಗ ಮಣಿಪುರಕ್ಕೆ ವಾಪಸ್ ಬರೋಣ. ಅಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರ ಎಚ್‌ಐವಿಯ ಜೀನ್ ಓದಿದಾಗ ಸಿ ಉಪತಳಿ ಸಿಕ್ಕಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಜೊತೆಗೆ ಥಾಯ್ಲೆಂಡ್‌ನ ಬಿ ತಳಿಯೂ ಇತ್ತು. ಬ್ಯಾಂಕಾಕ್‌ನಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ 1988ರ ಸುಮಾರಿಗೆ ಸ್ಫೋಟದಂತೆ ಹಬ್ಬಿದ ತಳಿ ಅದು. ಅಂದರೆ ಒಂದು ಕಡೆಯಿಂದ ಭಾರತದ ವೈರಸ್, ಇನ್ನೊಂದು ಕಡೆಯಿಂದ ಥಾಯ್ಲೆಂಡ್‌ನ ವೈರಸ್ ಬಂದು ಸೇರಿದ ಜಾಗ ಮಣಿಪುರ. ಎರಡೂ ಕೂಡಿ ಹುಟ್ಟಿದ ಬೆರಕೆ ವೈರಸ್‌ಗಳೂ ಅಲ್ಲಿ ಸಿಕ್ಕವು.

ಬೆರಕೆ ಆಗುವುದು ಹೇಗೆ? ಎಚ್‌ಐವಿಯ ಪ್ರತಿ ಕಣದಲ್ಲೂ ಆರ್‌ಎನ್‌ಎಯ ಎರಡು ಎಳೆಗಳಿರುತ್ತವೆ. ನಕಲು ಮಾಡುವ ಕಿಣ್ವ ಒಂದು ಎಳೆ ಹಿಡಿದು ಕೊನೆಯವರೆಗೆ ಹೋಗುವುದಿಲ್ಲ. ನಡುವೆ ಇನ್ನೊಂದಕ್ಕೆ ಹಾರುತ್ತದೆ, ಮತ್ತೆ ಇದಕ್ಕೆ ಬರುತ್ತದೆ. ಎರಡೂ ಎಳೆ ಒಂದೇ ಆಗಿದ್ದರೆ ಈ ಹಾರಾಟ ಗೊತ್ತೇ ಆಗುವುದಿಲ್ಲ. ಒಬ್ಬನಿಗೇ ಸಿ ಮತ್ತು ಬಿ ಎರಡೂ ತಗುಲಿ, ಒಂದೇ ಜೀವಕೋಶಕ್ಕೆ ಎರಡೂ ಹೊಕ್ಕರೆ ಅಲ್ಲಿ ಹುಟ್ಟುವ ಕೆಲವು ಕಣಗಳಲ್ಲಿ ಒಂದು ಎಳೆ ಸಿ, ಇನ್ನೊಂದು ಬಿ ಆಗಿರುತ್ತದೆ. ಆ ಕಣ ಮುಂದಿನ ಜೀವಕೋಶಕ್ಕೆ ಹೋದಾಗ ಕಿಣ್ವದ ಮುಂದೆ ಎರಡು ಬೇರೆ ಬೇರೆ ಮೂಲಪ್ರತಿಗಳು. ಹತ್ತು ಪದ್ಯ ಇದರಿಂದ, ನಾಲ್ಕು ಪದ್ಯ ಅದರಿಂದ ಎಂದು ಎತ್ತಿ ಬರೆದ ಹಾಗೆ ಹೊಸ ವೈರಸ್ ತಯಾರಾಗುತ್ತದೆ. ಅಕ್ಷರ ಅಕ್ಷರವಾಗಿ ಬದಲಾಗುತ್ತಾ ಅಷ್ಟು ದೂರ ಹೋಗಲು ಎಷ್ಟೋ ಕಾಲ ಬೇಕು. ಇಲ್ಲಿ ಒಂದೇ ನೆಗೆತದಲ್ಲಿ ಆಗಿಹೋಗುತ್ತದೆ.

ಇದಕ್ಕೆಲ್ಲ ಒಬ್ಬನ ಮೈಗೆ ಎರಡು ಸಲ, ಎರಡು ಮೂಲದಿಂದ ವೈರಸ್ ಬರಬೇಕು. ಹಂಚಿಕೊಂಡ ಸಿರಿಂಜ್‌ನಲ್ಲಿ ಅದು ಎಷ್ಟು ಸಲೀಸು ಅನ್ನುವುದನ್ನು ಹತ್ತಿರದಿಂದ ನೋಡಿ. ಚುಚ್ಚಿಕೊಳ್ಳುವವರು ಸೂಜಿ ರಕ್ತನಾಳಕ್ಕೆ ಹೋಗಿದೆಯೇ ಎಂದು ತಿಳಿಯಲು ಪ್ಲಂಜರ್ ಸ್ವಲ್ಪ ಹಿಂದಕ್ಕೆ ಎಳೆಯುತ್ತಾರೆ. ಸಿರಿಂಜ್ ಒಳಗೆ ಕೆಂಪಗೆ ರಕ್ತ ಕಂಡರೆ ಸರಿ, ಒತ್ತುತ್ತಾರೆ. ಪೂರ್ತಿ ಒತ್ತಿದರೂ ಪ್ಲಂಜರ್‌ನ ತುದಿಗೂ ಸೂಜಿಯ ಬುಡಕ್ಕೂ ನಡುವೆ ಒಂಚೂರು ಜಾಗ ಉಳಿಯುತ್ತದೆ. ಸೂಜಿ ಬಿಚ್ಚಿ ಹಾಕುವ ಸಿರಿಂಜ್‌ನಲ್ಲಿ ಅಲ್ಲಿ ಒಂದು ಹನಿಗೂ ಜಾಸ್ತಿ ದ್ರವ ನಿಲ್ಲಬಹುದು. ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜ್‌ನಲ್ಲಿ ತೀರಾ ಕಡಿಮೆ. ಯೇಲ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಜಾಗ ಉಳಿಯುವ ಸಿರಿಂಜ್‌ನೊಳಗೆ ಹೆಪಟೈಟಿಸ್ ಸಿ ವೈರಸ್ 63 ದಿನ ಜೀವಂತವಾಗಿತ್ತು. ನೀರಲ್ಲಿ ಎರಡು ಸಲ ತೊಳೆದರೆ ಸಾಕು ಎಂಬ ನಂಬಿಕೆ ಎಷ್ಟು ಅಪಾಯ ನೋಡಿ.

ಇನ್ನೊಂದು ನಂಬಿಕೆಯೂ ಅಷ್ಟೇ ಕೆಟ್ಟದ್ದು. ಇಬ್ಬರಿಗೂ ಪಾಸಿಟಿವ್ ಇದೆಯಲ್ಲ, ಇನ್ನು ಸೂಜಿ ಹಂಚಿಕೊಂಡರೆ ಏನಂತೆ ಅನ್ನುವುದು. ಅವನ ವೈರಸ್ ಬೇರೆ, ಇವನದ್ದು ಬೇರೆ. ಒಬ್ಬನದ್ದು ಔಷಧಿಗೆ ಬಗ್ಗದ ತಳಿಯಾಗಿದ್ದರೆ ಅದೂ ಈ ಕಡೆ ಬಂತು ಅಂತಲೇ ಲೆಕ್ಕ. ಹೆಪಟೈಟಿಸ್ ಸಿ ಒಮ್ಮೆ ಬಂದು ವಾಸಿಯಾದರೂ ಮತ್ತೆ ತಗುಲಬಹುದು.

ಮಣಿಪುರದ ಆಚೆ, ಮ್ಯಾನ್ಮಾರ್ ದಾಟಿದರೆ ಚೀನಾದ ಯುನ್ನಾನ್ ಪ್ರಾಂತ್ಯ. ಅಲ್ಲೂ ಸಿ ಮತ್ತು ಥಾಯ್ ಬಿ ಬೆರೆತು ಸಿಆರ್‌ಎಫ್07, ಸಿಆರ್‌ಎಫ್08 ಎಂಬ ಎರಡು ಬೆರಕೆ ತಳಿಗಳು ಗಟ್ಟಿಯಾಗಿ ನೆಲೆಯೂರಿದವು. ಒಂದು ವಾಯವ್ಯದ ಶಿನ್‌ಜಿಯಾಂಗ್ ಕಡೆ ಹೊರಟಿತು, ಇನ್ನೊಂದು ಪೂರ್ವಕ್ಕೆ ಗುವಾಂಗ್‌ಶಿ ಕಡೆ. ಎರಡೂ ಹೆರಾಯಿನ್ ಸಾಗಣೆಯ ದಾರಿಗಳೇ. ಸಂಶೋಧಕ ಕ್ರಿಸ್ ಬೇಯ್ರರ್ ಮತ್ತು ಸಂಗಡಿಗರು 2000ದಲ್ಲಿ ಈ ಭಾಗದ ವೈರಸ್ ತಳಿಗಳನ್ನು ಕಳ್ಳಸಾಗಣೆಯ ದಾರಿಗಳ ಜೊತೆ ಹೊಂದಿಸಿ ತೋರಿಸಿದರು. ಮುಂದೆ 07 ತೈವಾನ್‌ಗೂ ತಲುಪಿ, 2004-05ರಲ್ಲಿ ಅಲ್ಲಿನ ಚುಚ್ಚಿಕೊಳ್ಳುವವರಲ್ಲಿ ಜೋರಾಗಿ ಹಬ್ಬಿತು.

ನಮ್ಮ ಬೆಂಗಳೂರಿನಲ್ಲೂ ಈ ವೈವಿಧ್ಯದ ಬಗ್ಗೆ ಒಳ್ಳೆಯ ಕೆಲಸ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಭಾರತದ ಸಿ ಉಪತಳಿಯನ್ನೇ ಹಿಡಿದು ಕೂತಿದೆ. ವೈರಸ್‌ನ ಜೀನ್‌ಗಳನ್ನು ಚಾಲೂ ಮಾಡುವ ಭಾಗದಲ್ಲಿ ಎನ್‌ಎಫ್‌-ಕಪ್ಪಾಬಿ ಎಂಬ ಪ್ರೋಟೀನ್ ಬಂದು ಕೂರುವ ಜಾಗಗಳಿವೆ. ಬೇರೆ ಉಪತಳಿಗಳಲ್ಲಿ ಸಾಮಾನ್ಯವಾಗಿ ಎರಡು, ಸಿ ಯಲ್ಲಿ ಮೂರು. ನಾಲ್ಕಿರುವ ವೈರಸ್‌ಗಳು ಭಾರತದಲ್ಲಿ ಹೆಚ್ಚುತ್ತಿರುವುದನ್ನು ಈ ತಂಡ ವರದಿ ಮಾಡಿತು.

ಈ ವಂಶಾವಳಿ ಆರೋಪ ಹೊತ್ತವರ ಪರ ಸಾಕ್ಷಿ ಹೇಳಿದ್ದೂ ಉಂಟು. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿತು. ಬೇಕೆಂದೇ ಚುಚ್ಚಿದರು ಎಂದು ಬಲ್ಗೇರಿಯಾದ ಐವರು ನರ್ಸ್‌ಗಳಿಗೂ ಒಬ್ಬ ಪ್ಯಾಲೆಸ್ಟೀನಿ ವೈದ್ಯನಿಗೂ ಮರಣದಂಡನೆ ವಿಧಿಸಿದರು. 2006ರಲ್ಲಿ ವಿಜ್ಞಾನಿಗಳು ಆ ಮಕ್ಕಳ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ವೈರಸ್‌ಗಳ ತಪ್ಪುಗಳನ್ನು ಎಣಿಸಿದರು. ನರ್ಸ್‌ಗಳು 1998ರ ಮಾರ್ಚ್‌ನಲ್ಲಿ ಬರುವ ಮೊದಲೇ ಆ ತಳಿಗಳು ಅಲ್ಲಿ ಓಡಾಡುತ್ತಿದ್ದವು ಎಂದು ತೋರಿಸಿಕೊಟ್ಟರು. ಆರೂ ಜನ 2007ರಲ್ಲಿ ಬಿಡುಗಡೆಯಾದರು. ಆದರೆ ಇಂಥಾ ಸಾಕ್ಷ್ಯ ಇಟ್ಟುಕೊಂಡು ಇವನೇ ಅವನಿಗೆ ಕೊಟ್ಟ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಬ್ಬರಿಗೂ ಮೂರನೆಯವನಿಂದ ಬಂದಿರಬಹುದು, ಆ ಮೂರನೆಯವನ ರಕ್ತ ಪರೀಕ್ಷೆಯೇ ಆಗಿರಲಿಕ್ಕಿಲ್ಲ.

ವೈವಿಧ್ಯದಿಂದ ನಮಗೆ ಆಗುವ ದೊಡ್ಡ ತೊಂದರೆ ಲಸಿಕೆಯದ್ದು. ಅಮೆರಿಕದ ಬಾಲ್ಟಿಮೋರ್, ಸ್ಯಾನ್ ಫ್ರಾನ್ಸಿಸ್ಕೋ, ಆಲ್ಬುಕರ್ಕಿಯಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವ 548 ಜನರ ಮೇಲೆ ಹೆಪಟೈಟಿಸ್ ಸಿ ಲಸಿಕೆಯ ಪ್ರಯೋಗ ನಡೆಯಿತು. ಸೋಂಕು ಖಾಯಂ ಆಗಿ ಉಳಿಯುವುದನ್ನು ಅದು ತಡೆಯಲಿಲ್ಲ ಎಂಬ ಫಲಿತಾಂಶ 2021ರಲ್ಲಿ ಬಂತು. ಹೆಪಟೈಟಿಸ್ ಸಿ ಮಾತ್ರೆಗಳ ಕಥೆ ಮಾತ್ರ ಖುಷಿಯದ್ದು. ಈಗ ಎಲ್ಲ ತಳಿಗೂ ಕೆಲಸ ಮಾಡುವ ಮಾತ್ರೆಗಳಿವೆ, ಸಾಮಾನ್ಯವಾಗಿ ಹನ್ನೆರಡು ವಾರ ತೆಗೆದುಕೊಂಡರೆ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಮ್ಮ ದೇಶದಲ್ಲಿ ಅವು ಉಚಿತ.

ಕೊನೆಗೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ. ಅಲ್ಲಿನ ಆಸ್ಟಿನ್ ಎಂಬ ಊರಿನ ಜನಸಂಖ್ಯೆ ನಾಲ್ಕು ಸಾವಿರ ಚಿಲ್ಲರೆ. ಇಡೀ ಕೌಂಟಿಯಲ್ಲಿ ವರ್ಷಕ್ಕೆ ಐದು ಎಚ್‌ಐವಿ ಪ್ರಕರಣ ಕೂಡ ಬರುತ್ತಿರಲಿಲ್ಲ. 2014ರ ಕೊನೆಯಿಂದ ಒಂದು ವರ್ಷದೊಳಗೆ 181 ಪ್ರಕರಣ ಪತ್ತೆಯಾದವು. ಹೆಚ್ಚಿನವರು ಆಕ್ಸಿಮಾರ್ಫೋನ್ ಎಂಬ ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರು. ಅವರ ಎಚ್‌ಐವಿಯ ಜೀನ್ ಓದಿದರೆ 159ರಲ್ಲಿ 157 ಹತ್ತಿರದ ನೆಂಟರು. ಅಂದರೆ ಈಚೆಗೆ ಬಂದ ಒಂದೇ ತಳಿ ಸರಸರನೆ ಹಬ್ಬಿದೆ. ಅದೇ ಜನರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಂದಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಅದರ ಜೀನ್ ಮಾತ್ರ ಬಗೆಬಗೆಯ ತಳಿ, ಹಲವು ಗುಂಪು. ಅದು ಹಲವು ಸಲ ಹಲವರಿಂದ ಬಂದು, ವರ್ಷಗಳಿಂದ ಸೂಜಿಯಿಂದ ಸೂಜಿಗೆ ದಾಟುತ್ತಿತ್ತು. ಎಚ್‌ಐವಿಗೆ ದಾರಿ ಮೊದಲೇ ತಯಾರಾಗಿತ್ತು.

ಆಗ ಆ ರಾಜ್ಯದ ಕಾನೂನು ಸಿರಿಂಜ್ ವಿನಿಮಯ ಕೇಂದ್ರಗಳಿಗೆ ಅವಕಾಶ ಕೊಡುತ್ತಿರಲಿಲ್ಲ. ಹಳೆ ಸಿರಿಂಜ್ ಕೊಟ್ಟು ಹೊಸದು ಪಡೆಯುವ ಈ ಪದ್ಧತಿ 1984ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚುಚ್ಚಿಕೊಳ್ಳುವವರದೇ ಸಂಘ ಶುರು ಮಾಡಿದ್ದು. ಇಂಫಾಲದಲ್ಲಿ ಚಟ ಬಿಟ್ಟವರೇ ಸೇರಿ ಕಟ್ಟಿದ ಸಾಸೋ ಸಂಸ್ಥೆ 1990ರ ದಶಕದಲ್ಲೇ ಈ ಜನರ ನಡುವೆ ಕೆಲಸಕ್ಕಿಳಿದಿತ್ತು. ಇಂಡಿಯಾನಾದಲ್ಲಿ 2015ರ ಮಾರ್ಚ್‌ನಲ್ಲಿ ತುರ್ತುಸ್ಥಿತಿ ಘೋಷಿಸಿದ ಮೇಲಷ್ಟೇ ಕೇಂದ್ರ ತೆರೆಯಿತು. 2013ರ ಆರಂಭದಲ್ಲೇ ಕ್ರಮ ತೆಗೆದುಕೊಂಡಿದ್ದರೆ ಸೋಂಕು 56 ಜನರನ್ನು ದಾಟುತ್ತಿರಲಿಲ್ಲ ಎಂದು ಯೇಲ್‌ನ ಇಬ್ಬರು ಸಂಶೋಧಕರು ಆಮೇಲೆ ಲೆಕ್ಕ ಹಾಕಿದರು. ಕೇಂದ್ರ ಬಂದ ಮೇಲೆ ಹೊಸ ಸೋಂಕು ಇಳಿಯಿತು. 2021ರ ಜೂನ್‌ನಲ್ಲಿ ಕೌಂಟಿಯ ಮೂವರು ಕಮಿಷನರ್‌ಗಳಲ್ಲಿ ಇಬ್ಬರು ಅದನ್ನು ಮುಚ್ಚಬೇಕೆಂದು ಮತ ಹಾಕಿದರು. ಆ ವರ್ಷದ ಕೊನೆಗೆ ಅದನ್ನು ಮುಚ್ಚಿದರು.