ಓದುಗರ ಪ್ರಶ್ನೆ: ಡ್ರೈವರ್ ಮೂರು ಸಲ ಹಾಕಿದರೂ ಗ್ರಾಫಿಕ್ಸ್ ಕಾರ್ಡ್ ಏಕೆ ಕಾಣಿಸುತ್ತಿಲ್ಲ?

“ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೇನೆ, ಅದರ ಫ್ಯಾನ್ ತಿರುಗುತ್ತಿದೆ, ಡ್ರೈವರನ್ನು ಮೂರು ಸಲ ಹಾಕಿದರೂ ಕಂಪ್ಯೂಟರ್ ಕಾರ್ಡನ್ನು ಗುರುತಿಸುತ್ತಿಲ್ಲ. ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿಸಿದರೆ ಸರಿಹೋಗುತ್ತದೆಯೇ?” ಎಂದು ಮದುವೆ ವಿಡಿಯೊಗಳನ್ನು ಸಂಕಲನ ಮಾಡುವ ರಾಣೆಬೆನ್ನೂರಿನ ಓದುಗರೊಬ್ಬರು ಕೇಳಿದ್ದಾರೆ. ಇದೇ ಪ್ರಶ್ನೆಯನ್ನು ಧಾರವಾಡದ ಹಾಸ್ಟೆಲುಗಳ ವಿದ್ಯಾರ್ಥಿಗಳು ಕೇಳಿದ್ದಾರೆ, ಗದಗಿನ ಮುದ್ರಣಾಲಯದವರು ಕೇಳಿದ್ದಾರೆ, ಹುಬ್ಬಳ್ಳಿಯಲ್ಲಿ ನನ್ನ ನೆರೆಮನೆಯವರೇ ಎರಡು ಬಾರಿ ಕೇಳಿದ್ದಾರೆ. ಊರು ಬದಲಾಗುತ್ತದೆ, ಕಾರ್ಡ್ ಬದಲಾಗುತ್ತದೆ, “ಡ್ರೈವರ್ ಮೂರು ಸಲ ಹಾಕಿದೆ” ಎಂಬ ವಾಕ್ಯ ಮಾತ್ರ ಬದಲಾಗುವುದಿಲ್ಲ. ಉತ್ತರವೂ ಬದಲಾಗಿಲ್ಲ: ಸರಿಹೋಗುವುದಿಲ್ಲ.

ಮೊದಲು ಒಂದು ಸಣ್ಣ ವಿಷಯವನ್ನು ಮುಗಿಸಿಬಿಡುತ್ತೇನೆ. ಮಾನಿಟರಿನ ಕೇಬಲ್ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಎಲ್ಲಿಗೆ ಸೇರಿದೆ ಎಂದು ಎದ್ದು ಹೋಗಿ ನೋಡಿರಿ. ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು, ಅಂದರೆ ಎಲ್ಲ ಭಾಗಗಳೂ ಸೇರುವ ಮುಖ್ಯ ಫಲಕದ್ದು. ಅದರ ಕೆಳಗೆ ಬೇರೆಯಾಗಿ, ಅಡ್ಡಪಟ್ಟಿಯಲ್ಲಿ ಇರುವುದು ಕಾರ್ಡಿನದು. ಕೇಬಲ್ ಮೇಲಿನದಕ್ಕೆ ಸೇರಿದ್ದರೆ ಕಾರ್ಡ್ ಎಷ್ಟೇ ಆರೋಗ್ಯವಾಗಿದ್ದರೂ ನಿಮಗೆ ಅದರ ಚಿತ್ರ ಬರುವುದಿಲ್ಲ, ಮತ್ತು ಐ5-12400ಎಫ್‌ನಂತೆ ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದೇ ಇಲ್ಲವಾದ್ದರಿಂದ ಏನೂ ಕಾಣದೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇದನ್ನು ಹೇಳಿದಾಗ ಹೆಚ್ಚಿನವರಿಗೆ ಸಿಟ್ಟು ಬರುತ್ತದೆ. ನೋಡಿ ಬಂದ ಮೇಲೆ ಕೆಲವರು ಸುಮ್ಮನಾಗುತ್ತಾರೆ.

ಈಗ ಡ್ರೈವರಿನ ಮಾತು. ಶಾಲೆಯಲ್ಲಿ ಗುರುಗಳು ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುವಂತೆ ಕಂಪ್ಯೂಟರನ್ನು ಎಬ್ಬಿಸಲು ಅದರ ಬೋರ್ಡಿನಲ್ಲಿಯೇ ಬರೆದಿಟ್ಟಿರುವ ಬಯೋಸ್ ಎಂಬ ತಂತ್ರಾಂಶ ಕೂಡ ಗುಂಡಿ ಒತ್ತಿದ ಕೂಡಲೇ, ವಿಂಡೋಸ್ ಕಣ್ಣು ಬಿಡುವುದಕ್ಕೆ ಎಷ್ಟೋ ಮೊದಲೇ, ಕಾರ್ಡುಗಳು ಬೋರ್ಡಿಗೆ ಸೇರುವ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದ ಒಂದೊಂದು ವಿಳಾಸವನ್ನೂ ಕರೆದು ಹಾಜರಿ ತೆಗೆದುಕೊಳ್ಳುತ್ತದೆ. ಅಲ್ಲಿ ಕುಳಿತ ಸಾಧನವು ತನ್ನ ತಯಾರಕರ ಸಂಖ್ಯೆಯನ್ನೂ ತನ್ನ ಮಾದರಿಯ ಸಂಖ್ಯೆಯನ್ನೂ ಹೇಳಬೇಕು. ಎನ್‌ವಿಡಿಯಾ ಕಾರ್ಡಾದರೆ 10ಡಿಇ ಎನ್ನುತ್ತದೆ. ಎಎಂಡಿ ಕಾರ್ಡ್ 1002 ಎನ್ನುತ್ತದೆ, ಅದು 2006ರಲ್ಲಿ ಎಎಂಡಿ ಕೊಂಡುಕೊಂಡ ಎಟಿಐ ಸಂಸ್ಥೆಯ ಹಳೆಯ ಸಂಖ್ಯೆ. ಇಂಟೆಲಿನದು 8086, ಅಂದರೆ 1978ರ ತನ್ನ ಪ್ರಸಿದ್ಧ ಪ್ರೊಸೆಸರಿನ ಹೆಸರನ್ನೇ ಅದು ಗುರುತಾಗಿ ಇಟ್ಟುಕೊಂಡಿದೆ. ಯಾರೂ ಓಗೊಡದ ವಿಳಾಸದಿಂದ ಎಫ್‌ಎಫ್‌ಎಫ್‌ಎಫ್, ಅಂದರೆ ಕಂಪ್ಯೂಟರಿನ ಸೊನ್ನೆ-ಒಂದುಗಳ ಲೆಕ್ಕದಲ್ಲಿ ಬರಿಯ ಒಂದುಗಳ ಸಾಲು ಮರಳುತ್ತದೆ, ಬಯೋಸ್ ಆ ಜಾಗ ಖಾಲಿ ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತದೆ. ಈ ಸಂವಾದದಲ್ಲಿ ಡ್ರೈವರಿಗೆ ಪಾತ್ರವೇ ಇಲ್ಲ. ಡ್ರೈವರ್ ಎಂಬುದು ಹಾಜರಾದವರಿಗೆ ಪಾಠ ಹೇಳುವ ತಂತ್ರಾಂಶ. ಗೈರುಹಾಜರಾದವರನ್ನು ಮನೆಯಿಂದ ಎಬ್ಬಿಸಿ ತರುವ ಜವಾನನಲ್ಲ. ಹಾಜರಿಯಲ್ಲಿ ಇಲ್ಲದ ಕಾರ್ಡಿಗೆ ಡ್ರೈವರ್ ಹಾಕುವುದೆಂದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ; ವಿಂಡೋಸನ್ನೇ ಅಳಿಸಿ ಹಾಕುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ವಿಚಿತ್ರವೆಂದರೆ ಡ್ರೈವರ್ ತಾನೇ ಈ ಸತ್ಯವನ್ನು ಹೇಳುತ್ತದೆ. ಹೊಂದಿಕೆಯಾಗುವ ಗ್ರಾಫಿಕ್ಸ್ ಯಂತ್ರಾಂಶ ಸಿಗಲಿಲ್ಲ ಎಂದು ಎನ್‌ವಿಡಿಯಾದ ಇನ್‌ಸ್ಟಾಲರ್ ಸ್ಪಷ್ಟವಾಗಿ ತೋರಿಸಿ ನಿಂತುಬಿಡುತ್ತದೆ, ಓದುವವರು ಮಾತ್ರ ಅದನ್ನು “ಡ್ರೈವರ್ ಫೈಲ್ ಕೆಟ್ಟಿದೆ” ಎಂದು ಅರ್ಥಮಾಡಿಕೊಂಡು ಇನ್ನೊಂದು ಆವೃತ್ತಿಯನ್ನು ಇಳಿಸಿಕೊಳ್ಳಲು ಹೊರಡುತ್ತಾರೆ. ಆದರೂ “ನನ್ನ ಗೆಳೆಯನದು ಫಾರ್ಮ್ಯಾಟ್ ಮಾಡಿದ ಮೇಲೆಯೇ ಸರಿಯಾಯಿತು” ಎನ್ನುವವರು ಸುಳ್ಳು ಹೇಳುತ್ತಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಫಾರ್ಮ್ಯಾಟ್ ಮಾಡಿಸಲು ಕ್ಯಾಬಿನೆಟ್ಟಿನ ವೈರುಗಳನ್ನೆಲ್ಲ ಕಿತ್ತು, ಸ್ಕೂಟರಿನಲ್ಲಿ ಇಟ್ಟುಕೊಂಡು ಕೊಪ್ಪಿಕರ ರಸ್ತೆಯವರೆಗೆ ಹೋಗಿ ಬರುವಷ್ಟರಲ್ಲಿ ಬೋರ್ಡಿನಲ್ಲಿ ಉಳಿದಿದ್ದ ವಿದ್ಯುತ್ತು ಇಳಿದಿರುತ್ತದೆ, ಅಂಗಡಿಯ ಹುಡುಗ ಧೂಳು ಒರೆಸುವಾಗ ಕಾರ್ಡನ್ನು ತೆಗೆದು ಮತ್ತೆ ಒತ್ತಿ ಕೂರಿಸಿರುತ್ತಾನೆ. ಕೆಲಸ ಮಾಡಿದ್ದು ಅವನ ಹೆಬ್ಬೆರಳು, ಹೆಸರು ಬಂದದ್ದು ವಿಂಡೋಸಿಗೆ.

ಡ್ರೈವರಿನ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಬೇರೆ ರೋಗ, ಅದರ ಲಕ್ಷಣಗಳೂ ಬೇರೆ. ವಿಂಡೋಸಿನಲ್ಲಿ ಸಾಧನಗಳ ಪಟ್ಟಿಯನ್ನು ತೋರಿಸುವ ಡಿವೈಸ್ ಮ್ಯಾನೇಜರನ್ನು ತೆರೆದು ಡಿಸ್ಪ್ಲೇ ಅಡಾಪ್ಟರ್ಸ್ ಎಂಬಲ್ಲಿ ನೋಡಿರಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಎಂದಿದ್ದು, ಅದರ ಹಾರ್ಡ್‌ವೇರ್ ಐಡಿಯಲ್ಲಿ 10ಡಿಇ ಅಥವಾ 1002 ಕಂಡರೆ ಕಾರ್ಡ್ ಹಾಜರಿದೆ, ಡ್ರೈವರ್ ಇಲ್ಲ. ಆಗ ಡ್ರೈವರ್ ಹಾಕುವುದು ಸರಿಯಾದ ಚಿಕಿತ್ಸೆ. ಕಾರ್ಡಿನ ಹೆಸರೇ ಇದ್ದು ಹಳದಿ ಚಿಹ್ನೆಯೊಂದಿಗೆ ಕೋಡ್ 43 ಎಂದಿದ್ದರೆ ಕಾರ್ಡ್ ಹಾಜರಿಗೆ ಓಗೊಟ್ಟಿದೆ, ಆಮೇಲೆ ತನಗೆ ತೊಂದರೆಯಿದೆ ಎಂದು ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಇಂಟೆಲಿನ ಒಳಗಿನ ಗ್ರಾಫಿಕ್ಸ್ ಬಿಟ್ಟು ಬೇರೇನೂ ಇಲ್ಲದಿದ್ದರೆ, ಬಯೋಸಿನ ಪರದೆಯಲ್ಲಿಯೂ ಕಾರ್ಡಿನ ಸುಳಿವಿಲ್ಲದಿದ್ದರೆ, ಮೌಸನ್ನು ಬದಿಗಿಟ್ಟು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು. ರಾಣೆಬೆನ್ನೂರಿನ ಓದುಗರದು ಈ ಮೂರನೆಯ ಸ್ಥಿತಿ ಎಂದು ಅವರು ಬರೆದ ರೀತಿಯಿಂದ ತಿಳಿಯುತ್ತದೆ.

ಅವರು ಫ್ಯಾನಿನ ಮೇಲೆ ಇಟ್ಟಿರುವ ನಂಬಿಕೆಯನ್ನೂ ಸ್ವಲ್ಪ ಕಡಿಮೆ ಮಾಡಬೇಕಾಗಿದೆ. ಫ್ಯಾನಿಗೆ ಬೇಕಾದುದು 12 ವೋಲ್ಟ್ ಮಾತ್ರ. ಕಾರ್ಡಿನ ಮುಖ್ಯ ಚಿಪ್ ಸತ್ತಿದ್ದರೂ ಅದು ತಿರುಗಬಲ್ಲದು. ಇನ್ನೊಂದೆಡೆ, ಬಿಸಿಯೇರುವವರೆಗೆ ಫ್ಯಾನನ್ನು ನಿಲ್ಲಿಸಿಟ್ಟುಕೊಳ್ಳುವ ಕಾರ್ಡುಗಳು ಈಗ ಸಾಮಾನ್ಯವಾಗಿರುವುದರಿಂದ ಅದು ತಿರುಗದಿರುವುದೂ ಸಾವಿನ ಗುರುತಲ್ಲ. ನೋಡಬೇಕಾದದ್ದು ವಿದ್ಯುತ್ತಿನ ಲೆಕ್ಕ. ಕಾರ್ಡ್ ಕೂರುವ ಸ್ಲಾಟಿನಿಂದ ಅದಕ್ಕೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ 6 ಪಿನ್ನಿನ ಕೇಬಲಿಗೆ ಇನ್ನೊಂದು 75, 8 ಪಿನ್ನಿನದಕ್ಕೆ 150. ಈ ಕೇಬಲ್ ಬೇಕಿರುವ ಕಾರ್ಡಿಗೆ ಅದನ್ನು ಸೇರಿಸದಿದ್ದರೆ ಕೆಲವು ಕಾರ್ಡುಗಳು ಪರದೆಯ ಮೇಲೆಯೇ ಎಚ್ಚರಿಕೆ ಬರೆಯುತ್ತವೆ, ಕೆಲವು ಮೌನವಾಗಿ ಗೈರುಹಾಜರಾಗುತ್ತವೆ. ಪ್ರೊಸೆಸರಿಗೆಂದು ಇರುವ 8 ಪಿನ್ನಿನ ಕೇಬಲ್ ಕೂಡ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, ಆದರೆ ಅದರಲ್ಲಿ 12 ವೋಲ್ಟಿನ ತಂತಿಗಳೂ ನೆಲದ (ಗ್ರೌಂಡ್) ತಂತಿಗಳೂ ಅದಲುಬದಲಾಗಿರುತ್ತವೆ. ಕಿಂಡಿಯ ಆಕಾರ ಬೇರೆಯಾಗಿರುವುದು ಅದು ಒಳಗೆ ಹೋಗಬಾರದೆಂದೇ. ಒತ್ತಿ ಒತ್ತಿ ಹೋಗಿಸಿದವರನ್ನು ನಾನು ನೋಡಿದ್ದೇನೆ, ಅವರ ಕಾರ್ಡುಗಳನ್ನು ಮಾತ್ರ ಆಮೇಲೆ ನೋಡಲಿಲ್ಲ.

ಮುಂದಿನದು ಕೂರಿಸುವ ಕೆಲಸ. ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಸ್ಲಾಟಿನ ತುದಿಯ ಕೊಕ್ಕೆಯನ್ನು ಬಿಡಿಸಿ ಕಾರ್ಡನ್ನು ತೆಗೆಯಿರಿ; ಮತ್ತೆ ಹಾಕುವಾಗ ಕೊಕ್ಕೆ ಟಕ್ಕೆಂದು ಕೂರುವವರೆಗೆ ಒತ್ತಿರಿ. ಭಾರವಾದ ಕಾರ್ಡನ್ನು ಒಳಗೇ ಬಿಟ್ಟು ಬಸ್ಸಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಕ್ಯಾಬಿನೆಟ್ ತಂದರೆ ಅದು ಸಡಿಲಾಗದೆ ಇದ್ದೀತೆ? ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕುವ ಪದ್ಧತಿಯನ್ನು ದಯವಿಟ್ಟು ಬಿಡಿರಿ. ಆ ಚಿನ್ನದ ಲೇಪ ಬಹಳ ತೆಳುವಾದದ್ದು, ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಕೂತದ್ದು ಬರಿಯ ಕೊಳೆ. ಅದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ ಸಾಕು. ಇಷ್ಟಾದರೂ ಕಾಣದಿದ್ದರೆ ಕಾರ್ಡನ್ನು ಗೆಳೆಯರ ಯಂತ್ರಕ್ಕೆ ಹಾಕಿ ನೋಡಬೇಕು, ಗೆಳೆಯರ ಕಾರ್ಡನ್ನು ನಿಮ್ಮದಕ್ಕೆ ಹಾಕಿ ನೋಡಬೇಕು. ದೋಷ ಕಾರ್ಡಿನದೋ ಬೋರ್ಡಿನದೋ ಎಂಬುದು ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಒಂದು ಫಾರ್ಮ್ಯಾಟಿಗೆ ಹಿಡಿಯುವುದು ಅರ್ಧ ದಿನ.

ಇಲ್ಲಿ ಯಾರೂ ಕೇಳದ, ಆದರೆ ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದ ಪ್ರಶ್ನೆಯೊಂದಿದೆ. ಡ್ರೈವರ್ ಹಾಕುವ ಮೊದಲೇ, ಬಯೋಸಿನ ಹಂತದಲ್ಲಿಯೇ ಪರದೆ ಬೆಳಗುತ್ತದಲ್ಲ, ಆ ಚಿತ್ರವನ್ನು ಬಿಡಿಸುವವರು ಯಾರು? ಕಾರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲಿ ಅದಕ್ಕೆಂದೇ ಸಣ್ಣ ಪ್ರೋಗ್ರಾಮೊಂದನ್ನು ತಯಾರಕರು ಬರೆದಿಟ್ಟಿರುತ್ತಾರೆ. ಹಳೆಯ ಕಾರ್ಡುಗಳಲ್ಲಿ ಅದು 1987ರಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳೊಂದಿಗೆ ತಂದ ವಿಜಿಎ ಪದ್ಧತಿಯನ್ನು ಅನುಸರಿಸುತ್ತಿತ್ತು: 640 ಅಡ್ಡ, 480 ಉದ್ದ, 16 ಬಣ್ಣ. ಹೊಸ ಕಾರ್ಡುಗಳಲ್ಲಿ ಬಯೋಸಿನ ಹೊಸ ರೂಪವಾದ ಯುಇಎಫ್‌ಐಗೆ ಹೊಂದುವ ಜಿಒಪಿ ಎಂಬ ಪ್ರೋಗ್ರಾಮಿದೆ. ಅದು ಪರದೆಯನ್ನು ಸಿದ್ಧಗೊಳಿಸಿ, ಬಣ್ಣಗಳನ್ನು ಬರೆಯಲು ಸ್ಮೃತಿಯ ಒಂದು ಭಾಗವನ್ನು ವಿಂಡೋಸಿನ ಕೈಗೆ ಕೊಟ್ಟು ಸರಿಯುತ್ತದೆ. ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಮಾಡುವುದು ಅಲ್ಲಿ ಬರೆಯುವುದನ್ನಷ್ಟೇ, ಆದ್ದರಿಂದಲೇ ಅದರಲ್ಲಿ ವಿಡಿಯೊ ಎಳೆಎಳೆದು ಓಡುತ್ತದೆ.

ಸರಿಸುಮಾರು 2012ಕ್ಕಿಂತ ಹಿಂದಿನ ಕಾರ್ಡುಗಳಲ್ಲಿ ಈ ಜಿಒಪಿ ಇರುವುದಿಲ್ಲ. ಇಂದಿನ ಬೋರ್ಡುಗಳಲ್ಲಿ ಹಳೆಯ ಪದ್ಧತಿಯನ್ನು ನಡೆಸುವ ಸಿಎಸ್‌ಎಂ ಎಂಬ ಆಯ್ಕೆ ಆಫ್ ಆಗಿಯೇ ಬರುವುದರಿಂದ ಅಂಥ ಕಾರ್ಡ್ ಪೂರ್ಣ ಆರೋಗ್ಯದಲ್ಲಿದ್ದರೂ ಪರದೆ ಕತ್ತಲಾಗಿರುತ್ತದೆ. ಗದಗಿನ ಮುದ್ರಣಾಲಯವೊಂದರ ಮಾಲೀಕರು ತಮ್ಮ ಹಳೆಯ ಕಾರ್ಡನ್ನು ಹೊಸ ಯಂತ್ರಕ್ಕೆ ಹಾಕಿ, ಸುಟ್ಟುಹೋಯಿತೆಂದು ನಿರ್ಧರಿಸಿ ನನ್ನಲ್ಲಿಗೆ ತಂದದ್ದು ಇದೇ ಕಾರಣಕ್ಕೆ. ಬೇರೊಂದು ಹೊಸ ಕಾರ್ಡನ್ನು ತಾತ್ಕಾಲಿಕವಾಗಿ ಹಾಕಿ, ಬಯೋಸಿಗೆ ಹೋಗಿ, ಆರಂಭದಲ್ಲಿ ಸಹಿಯಿಲ್ಲದ ಪ್ರೋಗ್ರಾಮುಗಳನ್ನು ತಡೆಯುವ ಸೆಕ್ಯೂರ್ ಬೂಟನ್ನು ಆಫ್ ಮಾಡಿ ಸಿಎಸ್‌ಎಂ ಆನ್ ಮಾಡಿ, ಹಳೆಯದನ್ನು ಮತ್ತೆ ಕೂರಿಸಿದೆ. ಲಗ್ನಪತ್ರಿಕೆಗಳ ವಿನ್ಯಾಸ ಅದೇ ಸಂಜೆ ಮುಂದುವರಿಯಿತು. ಬಯೋಸಿನ ಆಯ್ಕೆಗಳನ್ನು ನೆನಪಿಡಲು ಬೋರ್ಡಿನಲ್ಲಿರುವ ಸಿಆರ್2032 ಸೆಲ್ ಸತ್ತ ದಿನ ಆ ಆಯ್ಕೆ ಅಳಿಸಿಹೋಗಿ ಕತ್ತಲೆ ಮರಳುವ ಸಾಧ್ಯತೆ ಇರುವುದರಿಂದ ಮೇಜಿನ ಡ್ರಾಯರಿನಲ್ಲಿ ಹೊಸ ಸೆಲ್ಲೊಂದನ್ನು ಇಟ್ಟುಕೊಳ್ಳಿರೆಂದು ಹೇಳಿ ಕಳುಹಿಸಿದೆ.